ಪಾಂಡಾಸ್ 2.0: ತಾರೀಖು ಓದೋದು ಸುಧಾರಿಸಿದೆ, ಆದರೂ ಕ್ರಮ ನೀವೇ ಹೇಳಿ

ಶಿರಸಿಯಲ್ಲಿ ಅಡಿಕೆ ವ್ಯಾಪಾರಿಗಳ ಲೆಕ್ಕವನ್ನು ಕಂಪ್ಯೂಟರಿಗೆ ಹತ್ತಿಸಿಕೊಡೋದು ನನ್ನ ಕೆಲಸ. ಚಾಲಿ ಅಡಿಕೆಯಿರಲಿ, ರಾಶಿ ಅಡಿಕೆಯಿರಲಿ, ಪಟ್ಟಿಯಲ್ಲಿ ತಾರೀಖು ಬರೆಯೋದು 05-06-2022 ಅಂತ. ನಮಗದು ಜೂನ್ 5. ಪೈಥಾನ್ ಪ್ರೋಗ್ರಾಮ್ ಭಾಷೆಯಲ್ಲಿ ಪಟ್ಟಿ-ಲೆಕ್ಕ ನೋಡಿಕೊಳ್ಳುವ ಪಾಂಡಾಸ್ ಲೈಬ್ರರಿಗೆ ಬಿಟ್ಟರೆ ಮೇ 6, ಯಾಕೆಂದರೆ ಅದು ತಿಂಗಳನ್ನೇ ಮೊದಲು ಓದುತ್ತದೆ. ಮುಂಗಡ ಕೊಟ್ಟ ಹಣದ ಬಡ್ಡಿ ಎಣಿಸೋದು ದಿನದ ಮೇಲೆ. ಇಲ್ಲಿ 30 ದಿನ ಜಾಸ್ತಿಯಾದರೆ ಆ ಹೊರೆ ಬೆಳೆಗಾರನ ತಲೆಗೆ ಬೀಳುತ್ತದೆ.

ಹಳೆಯ ಆವೃತ್ತಿಗಳಲ್ಲಿ ಇನ್ನೂ ದೊಡ್ಡ ತೊಂದರೆಯಿತ್ತು. ಕ್ರಮ ಹೇಳದಿದ್ದರೆ ಒಂದೊಂದು ಸಾಲಿಗೆ ಒಂದೊಂದು ಊಹೆ. 12-06 ಬಂದರೆ ಡಿಸೆಂಬರ್ 6, ಅದರ ಕೆಳಗೇ 13-06 ಬಂದರೆ, 13ನೇ ತಿಂಗಳು ಇಲ್ಲವಲ್ಲ, ಜೂನ್ 13! ಒಂದೇ ಕಾಲಮ್, ಎರಡು ಅರ್ಥ. ಆಮೇಲಿನ ಕೆಲವು ಆವೃತ್ತಿಗಳು ಎಚ್ಚರಿಕೆ ತೋರಿಸುತ್ತಿದ್ದವು, ಆದರೆ ಕೆಲಸ ಮಾತ್ರ ನಿಲ್ಲುತ್ತಿರಲಿಲ್ಲ.

2023ರ ಏಪ್ರಿಲ್‌ನಲ್ಲಿ ಬಂದ 2.0 ಇದನ್ನು ಸರಿಮಾಡಿತು. ಈಗ ಮೊದಲ ತಾರೀಖು ನೋಡಿ ಕ್ರಮ ಗುರುತಿಸುತ್ತದೆ, ಉಳಿದ ಸಾಲುಗಳಿಗೂ ಅದನ್ನೇ ಹಚ್ಚುತ್ತದೆ. ಹೊಂದದ ಸಾಲು ಸಿಕ್ಕರೆ ನಿಂತುಬಿಡುತ್ತದೆ, ಎಷ್ಟನೇ ಜಾಗದಲ್ಲಿ ಅಂತಲೂ ಹೇಳುತ್ತದೆ. ಎಣಿಕೆ ಸೊನ್ನೆಯಿಂದ ಶುರು, ನೆನಪಿರಲಿ. ಲೆಕ್ಕದ ಕೆಲಸದಲ್ಲಿ ಹೀಗೆ ನಿಲ್ಲುವ ಸಾಫ್ಟ್‌ವೇರೇ ನನಗೆ ಬೇಕು. ತಪ್ಪು ಆವತ್ತೇ ಸಿಕ್ಕರೆ ಪಟ್ಟಿ ತೆಗೆದು ನೋಡಬಹುದು. ವರ್ಷದ ಕೊನೆಗೆ ಸಿಕ್ಕರೆ ಯಾರನ್ನು ಕೇಳೋದು?

ಪೂರ್ತಿ ಅಂಕ ಕೊಡಲಾರೆ. ತಿಂಗಳ ಮೊದಲ 12 ದಿನಗಳ ವ್ಯವಹಾರ ಮಾತ್ರ ಇರುವ ಫೈಲ್ ಕೊಟ್ಟು ನೋಡಿ. ಎಲ್ಲವನ್ನೂ ತಿಂಗಳು ಮೊದಲು ಅಂತ ಓದುತ್ತದೆ, ದೋಷವೇ ಬರೋದಿಲ್ಲ. ಅದಕ್ಕೇ ತಾರೀಖಿನ ಕ್ರಮ ಹೇಳುವ 'ಫಾರ್ಮ್ಯಾಟ್' ಆಯ್ಕೆಯಲ್ಲಿ ದಿನ-ತಿಂಗಳು-ವರ್ಷ ಅಂತ ನೀವೇ ಬರೆದುಬಿಡಿ. ಓದುವುದೂ ಬೇಗ ಮುಗಿಯುತ್ತದೆ. ಬೇರೆ ಬೇರೆ ಕ್ರಮ ಕಲಸಿದ್ದರೆ 'ಮಿಕ್ಸ್‌ಡ್' ಅನ್ನೋ ಆಯ್ಕೆಯಿದೆ, ಆದರೆ ಅದು ಮತ್ತೆ ಸಾಲುಸಾಲಿಗೂ ಊಹೆ. ಬಳಸಲೇಬೇಕಾದರೆ ದಿನವೇ ಮೊದಲು ಅಂತ ಹೇಳುವ 'ಡೇಫಸ್ಟ್' ಜೊತೆಗಿರಲಿ.

'ಕೊಅರ್ಸ್', ಅಂದರೆ ಓದಲಾಗದ ತಾರೀಖನ್ನು ಖಾಲಿ ಬಿಟ್ಟು ಮುಂದೆ ಹೋಗುವ ಆಯ್ಕೆ, ಹಾಕುವವರಿಗೆ ವಿಶೇಷವಾಗಿ ಒಂದು ಮಾತು. ದೋಷ ಬರದಿರಲಿ ಅಂತ ತುಂಬಾ ಜನ ಹಾಕುತ್ತಾರೆ. 2.0ರಲ್ಲಿ ಮೊದಲ ಸಾಲಿಗೆ ಹೊಂದದ ತಾರೀಖುಗಳೆಲ್ಲ ಖಾಲಿಯಾಗುತ್ತವೆ. ಮೊದಲ ಸಾಲು 05-06 ಆಗಿದ್ದರೆ 13ರಿಂದ 31ರವರೆಗಿನ ದಿನಗಳೆಲ್ಲ ಮಾಯ! ಹಳೆಯ ಪ್ರೋಗ್ರಾಮನ್ನು ಹೊಸ ಆವೃತ್ತಿಗೆ ತರುವಾಗ ಖಾಲಿ ಸಾಲು ಎಷ್ಟಿವೆ ಅಂತ ಎಣಿಸಿ, ಆಮೇಲೆ ಬಡ್ಡಿಗೆ ಕೈ ಹಾಕಿ.