ಮನೆಯಲ್ಲೇ ಕಟ್ಟಿದ ಹೀಟ್ ಪಂಪ್: 3 ವರ್ಷ ಓಡಿದ ಮೇಲೆ ಪೈಪು ಮತ್ತು ಬಿಡಿಭಾಗಗಳ ಬಗ್ಗೆ

ನಾನು ಕಟ್ಟಿದ ಹೀಟ್ ಪಂಪ್ ಓಡಲು ಶುರುವಾಗಿ 3 ವರ್ಷ ದಾಟಿತು. ಹೊರಗಿನ ಗಾಳಿಯಿಂದ ಶಾಖ ಎಳೆದು 200 ಲೀಟರ್ ಟ್ಯಾಂಕಿನ ನೀರು ಕಾಯಿಸುತ್ತದೆ. ಪೈಪಿನೊಳಗೆ ಸುತ್ತುತ್ತಾ ಶಾಖ ಹೊರುವುದು ಆರ್-134ಎ ಗ್ಯಾಸ್, ಅದನ್ನು ಒತ್ತಿ ತಳ್ಳುವುದು ಸುಮಾರು 2 ಕಿಲೋವ್ಯಾಟ್ ಕೂಲಿಂಗ್ ಸಾಮರ್ಥ್ಯದ ಕಂಪ್ರೆಸರ್. ನೋಡಿದವರೆಲ್ಲ ಮೊದಲು ಕೇಳುವುದು ಕಂಪ್ರೆಸರ್ ಯಾವುದು ಅಂತ. ಆದರೆ ಇಷ್ಟು ದಿನದಲ್ಲಿ ತೊಂದರೆ ಬಂದಾಗ ಹುಡುಕಿದರೆ ಕಾರಣ ಹೆಚ್ಚಾಗಿ ಸಿಕ್ಕಿದ್ದು ಪೈಪಿನಲ್ಲೇ. ಅದಕ್ಕೇ ಈ ವಿಮರ್ಶೆ ಪೈಪಿನ ಬಗ್ಗೆಯೇ ಜಾಸ್ತಿ.

ಮೊದಲು ತಾಮ್ರದ ಪೈಪು. ನಳದ ಕೆಲಸಕ್ಕೆ ಬರುವ ಪೈಪು ಬೇರೆ, ಎಸಿ ಕೆಲಸದ ಪೈಪು ಬೇರೆ. ಅಳತೆ ಹೇಳುವ ರೀತಿಯೇ ಬೇರೆ: ಇಂಚಿನ ಲೆಕ್ಕದಲ್ಲಿ ನಳದ 1/2 ಇಂಚಿನ ಪೈಪಿನ ಹೊರವ್ಯಾಸ 5/8 ಇಂಚು ಇರುತ್ತದೆ. ಎಸಿ ಪೈಪಿನಲ್ಲಿ 1/2 ಅಂದರೆ ಹೊರವ್ಯಾಸವೇ 1/2. ಅಷ್ಟೇ ಅಲ್ಲ, ಎಸಿ ಪೈಪು ಒಳಗೆ ಸ್ವಚ್ಛ ಮಾಡಿ, ಒಣಗಿಸಿ, ಎರಡೂ ತುದಿ ಮುಚ್ಚಿ ಬರುತ್ತದೆ. ಆ ಮುಚ್ಚಳ ತೆಗೆಯುವುದನ್ನು ಕೊನೆಯ ಗಳಿಗೆಗೆ ಇಟ್ಟುಕೊಳ್ಳಿ. ಕತ್ತರಿಸಿದ ಬಾಯಿ ಸವರುವಾಗ ಪೈಪನ್ನು ಕೆಳಮುಖ ಹಿಡಿಯಿರಿ, ತಾಮ್ರದ ಚೂರು ಒಳಗೆ ಬೀಳಬಾರದು.

ನನ್ನ ದೊಡ್ಡ ತಪ್ಪು ಸಕ್ಷನ್ ಲೈನಿನದು, ಅಂದರೆ ಗ್ಯಾಸನ್ನು ಕಂಪ್ರೆಸರಿಗೆ ವಾಪಸ್ ತರುವ ಪೈಪಿನದು. ದಪ್ಪ ಪೈಪು ಇದ್ದರೆ ಒತ್ತಡ ಕಡಿಮೆ ನಷ್ಟವಾಗುತ್ತದೆ, ಒಳ್ಳೆಯದೇ ಅಲ್ವಾ ಅಂದುಕೊಂಡು 7/8 ಇಂಚು ಹಾಕಿದೆ. ಕೆಲವೇ ವಾರಗಳಲ್ಲಿ ಕಂಪ್ರೆಸರ್ ಸದ್ದು ಒರಟಾಯಿತು. ಅದರ ಸೈಟ್ ಗ್ಲಾಸಿನಲ್ಲಿ (ಎಣ್ಣೆಯ ಮಟ್ಟ ನೋಡುವ ಗಾಜಿನ ಕಿಂಡಿ) ಎಣ್ಣೆ ಇಳಿದುಹೋಗಿತ್ತು. ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಸ್ವಲ್ಪ ಹೊರಟು ಸುತ್ತು ಹಾಕುತ್ತದೆ, ಅದನ್ನು ವಾಪಸ್ ತಳ್ಳಿಕೊಂಡು ಬರಬೇಕಾದ್ದು ಗ್ಯಾಸಿನ ವೇಗವೇ. ಲೆಕ್ಕ ಹಾಕಿದರೆ ನನ್ನ ಪೈಪಿನಲ್ಲಿ ವೇಗ ಸೆಕೆಂಡಿಗೆ 3 ಮೀಟರ್ ಮಾತ್ರ. ಮೇಲಕ್ಕೆ ಏರುವ ಪೈಪಿಗೆ 5 ಮೀಟರಾದರೂ ಬೇಕು. 5/8 ಇಂಚಿಗೆ ಬದಲಿಸಿದೆ, ವೇಗ 6 ಮೀಟರ್ ಆಯಿತು, ಎಣ್ಣೆ ತನ್ನ ಮಟ್ಟಕ್ಕೆ ಬಂತು. ಅವತ್ತಿನಿಂದ ಆ ಸದ್ದು ಕೇಳಿಲ್ಲ.

ಎರಡನೆಯದು ಬೆಸುಗೆ. ಶುರುವಿನ ಜೋಡಣೆಗಳನ್ನು ಒಳಗೆ ನೈಟ್ರೋಜನ್ ಹರಿಸದೆ ಮಾಡಿಬಿಟ್ಟಿದ್ದೆ. ಹೊರಗಿಂದ ನೋಡಿದರೆ ಒಂದೂ ಕುಂದಿಲ್ಲ. ಒಂದು ದಿನ ಸಕ್ಷನ್ ಒತ್ತಡ ಕುಸಿಯುತ್ತಾ ಹೋಯಿತು, ನೀರು ಕಾಯಲಿಲ್ಲ. ಲೈಸೆನ್ಸ್ ಇರುವ ಟೆಕ್ನಿಷಿಯನ್ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಂಡ ಮೇಲೆ ಕ್ಯಾಪಿಲರಿಯ (ಗ್ಯಾಸಿನ ಒತ್ತಡ ಇಳಿಸುವ, ಅತಿ ಸಣ್ಣ ತೂತಿನ ಕೊಳವೆ) ಹಿಂದಿನ ತುಂಡು ಕತ್ತರಿಸಿ ಬಿಳಿ ಹಾಳೆಯ ಮೇಲೆ ತಟ್ಟಿದೆ. ಸುಟ್ಟ ಕಾಗದದಂಥ ತೆಳು ಕಪ್ಪು ಚಕ್ಕೆಗಳು ಉದುರಿದವು. ಬೆರಳಲ್ಲಿ ಉಜ್ಜಿದರೆ ಪುಡಿ. ಬಿಸಿ ತಾಮ್ರ ಗಾಳಿಯ ಆಮ್ಲಜನಕದ ಜೊತೆ ಸೇರಿ ಒಳಗೋಡೆಯಲ್ಲಿ ಈ ಪದರ ಕಟ್ಟುತ್ತದೆ. ಆರ್-134ಎ ಜೊತೆ ಕಂಪ್ರೆಸರಿಗೆ ಹಾಕುವ ಪಿಒಇ ಅನ್ನುವ ಕೃತಕ ಎಣ್ಣೆ ಅದನ್ನು ಚೆನ್ನಾಗಿ ತೊಳೆದು ಒಯ್ಯುತ್ತದೆ, ಕೊನೆಗೆ ಅದು ಸಿಕ್ಕಿಕೊಳ್ಳುವುದು ಅತಿ ಸಣ್ಣ ತೂತಿನಲ್ಲಿ. ಈಗ ಸಣ್ಣಗೆ ನೈಟ್ರೋಜನ್ ಹರಿಯುತ್ತಿಲ್ಲ ಅಂದರೆ ಟಾರ್ಚ್ ಮುಟ್ಟುವುದಿಲ್ಲ. ಇನ್ನೊಂದು ತುದಿ ತೆರೆದಿರಲಿ, ಇಲ್ಲದಿದ್ದರೆ ಒತ್ತಡ ಏರಿ ಬೆಸುಗೆಯಲ್ಲೇ ತೂತಾಗುತ್ತದೆ.

ಬೆಸುಗೆಗೆ ಕರಗಿಸುವ ಸರಳುಗಳ ವಿಷಯಕ್ಕೆ ಬಂದರೆ, ತಾಮ್ರಕ್ಕೆ ತಾಮ್ರ ಸೇರಿಸಲು 15% ಬೆಳ್ಳಿ ಇರುವ ಫಾಸ್ಫರಸ್ ಸರಳು ಸಾಕು, ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ಲೇಪ) ಬೇಡ. ಕಂಪ್ರೆಸರಿನ ಸ್ಟೀಲ್ ಬಾಯಿಗೆ ಮಾತ್ರ ಅದನ್ನು ಹಾಕಬೇಡಿ, ಫಾಸ್ಫರಸ್‌ನಿಂದ ಕೂಡಿಕೆ ಪೆಡಸಾಗಿ ಬಿರಿಯುತ್ತದೆ. ಅಲ್ಲಿಗೆ ಬೆಳ್ಳಿ ಜಾಸ್ತಿ ಇರುವ ಬೇರೆ ಸರಳು, ಜೊತೆಗೆ ಫ್ಲಕ್ಸ್.

ಕ್ಯಾಪಿಲರಿ ತೆಗೆದು ಅದರ ಜಾಗಕ್ಕೆ ಬೇಕಾದಷ್ಟೇ ತೆರೆದುಕೊಳ್ಳುವ ಎಕ್ಸ್‌ಪ್ಯಾನ್ಷನ್ ವಾಲ್ವ್ ಹಾಕಿದ್ದು ಬಹಳ ತೃಪ್ತಿ ಕೊಟ್ಟ ಬದಲಾವಣೆ. ತಣ್ಣನೆಯ ಬೆಳಗಿಗೂ ಬೆಚ್ಚನೆಯ ಮಧ್ಯಾಹ್ನಕ್ಕೂ ಅದು ತಾನೇ ಹೊಂದಿಕೊಳ್ಳುತ್ತದೆ. ಸೂಪರ್‌ಹೀಟ್ (ಪೂರ್ತಿ ಆವಿಯಾದ ಮೇಲೆ ಗ್ಯಾಸ್ ಇನ್ನೆಷ್ಟು ಡಿಗ್ರಿ ಬಿಸಿಯಾಗುತ್ತದೆ ಅನ್ನುವುದು) 6 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ. ವಾಲ್ವಿನ ಬಲ್ಬನ್ನು (ಪೈಪಿನ ಬಿಸಿ ಗುರುತಿಸುವ ಭಾಗ) ಸಕ್ಷನ್ ಪೈಪಿಗೆ ಬಿಗಿಯಾಗಿ ಕಟ್ಟಿ, ಮೇಲೆ ಇನ್ಸುಲೇಷನ್ ಸುತ್ತಿ. ಸಡಿಲ ಬಿಟ್ಟರೆ ವಾಲ್ವಿಗೆ ತಪ್ಪು ಸುದ್ದಿ ಹೋಗುತ್ತದೆ.

ಕಸ ಮತ್ತು ತೇವ ಹಿಡಿಯುವ ಫಿಲ್ಟರ್ ಡ್ರೈಯರಿನ ಮುಚ್ಚಳವನ್ನು ಎಲ್ಲಕ್ಕಿಂತ ಕೊನೆಗೆ ಬಿಚ್ಚಿ, ಇಲ್ಲದಿದ್ದರೆ ಅದು ಗಾಳಿಯ ತೇವ ಕುಡಿದುಬಿಡುತ್ತದೆ. ಗ್ಯಾಸಿನ ದಿಕ್ಕು ತಿರುಗಿಸುವ ರಿವರ್ಸಿಂಗ್ ವಾಲ್ವ್ ಇದ್ದರೆ ಎರಡೂ ದಿಕ್ಕಿಗೆ ಆಗುವ ಡ್ರೈಯರ್ ಬೇಕು. ಒತ್ತಡ ಮಿತಿ ಮೀರಿದರೆ ಕಂಪ್ರೆಸರ್ ನಿಲ್ಲಿಸುವ ಹೈ ಪ್ರೆಶರ್ ಸ್ವಿಚ್ ಇಲ್ಲದೆ ಮಾತ್ರ ಓಡಿಸಲೇಬೇಡಿ. ನೀರಿನ ಪಂಪ್ ನಿಂತ ಒಂದು ರಾತ್ರಿ ನನ್ನ ಯಂತ್ರವನ್ನು ಉಳಿಸಿದ್ದು ಅದೇ.

ಬೇರೆ ಗ್ಯಾಸ್ ಯೋಚಿಸುವವರು ಒತ್ತಡ ನೋಡಿಕೊಳ್ಳಿ. ಕಂಡೆನ್ಸರ್ (ಗ್ಯಾಸ್ ತನ್ನ ಶಾಖವನ್ನು ನೀರಿಗೆ ಕೊಡುವ ಭಾಗ) 50 ಡಿಗ್ರಿಯಲ್ಲಿದ್ದಾಗ ಆರ್-134ಎ ಸುಮಾರು 13 ಬಾರ್, ಆರ್-410ಎ ಸುಮಾರು 30 ಬಾರ್. ಒಂದಕ್ಕೆ ತಂದ ಪೈಪು, ವಾಲ್ವು ಇನ್ನೊಂದಕ್ಕೆ ಆದೀತು ಅಂತ ಸುಮ್ನೆ ಅಂದಾಜು ಮಾಡಬೇಡಿ. ಪ್ರೊಪೇನ್ ಅಂದರೆ ಆರ್-290, ಒತ್ತಡ ಹಿತವಾಗಿದೆ, ಆದರೆ ಗಾಳಿಯಲ್ಲಿ 2% ಸೇರಿದರೆ ಹೊತ್ತಿಕೊಳ್ಳುವ ಮಟ್ಟ ತಲುಪುತ್ತದೆ. ಮನೆಯೊಳಗೆ ಅದನ್ನು ನಾನಂತೂ ಇಡುವುದಿಲ್ಲ.

ಸೋರಿಕೆ ಪರೀಕ್ಷೆಗೆ ಒಣ ನೈಟ್ರೋಜನ್ ಮಾತ್ರ. ಆಮ್ಲಜನಕ ಬೇಡವೇ ಬೇಡ, ಎಣ್ಣೆ ಜೊತೆ ಸೇರಿದರೆ ಸ್ಫೋಟವಾಗುತ್ತದೆ. ಆಮೇಲೆ ಒಳಗಿನ ಗಾಳಿ, ತೇವ ತೆಗೆಯಲು ವ್ಯಾಕ್ಯೂಮ್ ಪಂಪಿನಿಂದ ಒತ್ತಡವನ್ನು 500 ಮೈಕ್ರಾನ್‌ಗಿಂತ ಕೆಳಗೆ ಎಳೆದು, ಪಂಪಿನ ವಾಲ್ವ್ ಮುಚ್ಚಿ ಕಾಯಿರಿ. ಮೀಟರಿನ ಮುಳ್ಳು ಸ್ವಲ್ಪ ಏರಿ ನಿಂತರೆ ಒಳಗೆ ತೇವ ಇದೆ. ಏರುತ್ತಲೇ ಹೋದರೆ ಎಲ್ಲೋ ಸೋರುತ್ತಿದೆ. ನನ್ನದರಲ್ಲಿ ಏರುತ್ತಲೇ ಹೋಯಿತು. ಸೋರಿದ್ದು ಬೆಸುಗೆಯಲ್ಲ, ಸರ್ವೀಸ್ ವಾಲ್ವಿನ ಸಣ್ಣ ಪಿನ್. ಅದನ್ನು ಬದಲಿಸಿ ಮೇಲೆ ಹಿತ್ತಾಳೆ ಮುಚ್ಚಳ ಬಿಗಿದೆ. ಆಮೇಲೆ ಗ್ಯಾಸ್ ಸೇರಿಸುವ ಪ್ರಮೇಯವೇ ಬಂದಿಲ್ಲ.

ಈಚೆಗೆ ಹಾಳಾಗಿದ್ದು ಸಕ್ಷನ್ ಪೈಪಿನ ಹೊರಗಿನ ರಬ್ಬರ್ ಇನ್ಸುಲೇಷನ್ ಒಂದೇ. ಬಿಸಿಲಿಗೆ ಬಿರುಕು ಬಿಟ್ಟು ಒಳಗೆ ನೀರು ಕಟ್ಟುತ್ತಿತ್ತು. ಹೋದ ವಾರ ಹೊಸದು ಹಾಕಿ, ಮೇಲೆ ಅಲ್ಯೂಮಿನಿಯಂ ಹಾಳೆ ಸುತ್ತಿದ್ದೇನೆ.