ನೀರು ಜಾರಿದ ಮಾತ್ರಕ್ಕೆ ಮಂಜುಗಡ್ಡೆ ಜಾರೀತೇ? ಮೂರು ಲೇಪಗಳ ಹೋಲಿಕೆ

ನೀರು ನಿಲ್ಲದ ಕಡೆ ಮಂಜುಗಡ್ಡೆಯೂ ನಿಲ್ಲದು ಎಂಬುದು ಲೇಪದ ಡಬ್ಬಿಗಳ ಮೇಲಿನ ಮಾತು. ಅದು ಅರ್ಧ ಮಾತ್ರ ನಿಜ. ಹನಿಯನ್ನು ಉರುಳಿಸಿಬಿಡುವುದು ಒಂದು ಕೆಲಸ, ಕಟ್ಟಿಕೊಂಡ ಗಡ್ಡೆಯನ್ನು ಬಿಡಿಸುವುದು ಬೇರೆಯದೇ ಕೆಲಸ. ನ್ಯಾನೋ ಸಿಲಿಕಾ (ಅತಿ ಸಣ್ಣ ಸಿಲಿಕಾ ಕಣಗಳ) ಸ್ಪ್ರೇ, ಎಣ್ಣೆ ಬೆರೆಸಿದ ಮೆದು ಸಿಲಿಕೋನ್ ರಬ್ಬರು, ಮಾಮೂಲಿ ಪೇಸ್ಟ್ ವ್ಯಾಕ್ಸ್ (ಮೇಣ) ಈ ಮೂರನ್ನೂ ಎರಡೂ ಕೆಲಸಕ್ಕೆ ಹಚ್ಚಿ ನೋಡಬೇಕು. ಜೊತೆಗೆ ಏನೂ ಹಚ್ಚದ ಅಲ್ಯೂಮಿನಿಯಂ ತಗಡೂ ಒಂದಿರಲಿ.

ಮೊದಲು ಅಳೆಯುವ ಬಗೆ. ಒಳಗಡೆ 1 ಸೆಂ.ಮೀ. ಚೌಕವಿರುವ, ಎರಡೂ ತುದಿ ತೆರೆದ ಪ್ಲಾಸ್ಟಿಕ್ ಕೊಳವೆಯ ತುಂಡನ್ನು ತಗಡಿನ ಮೇಲೆ ನಿಲ್ಲಿಸಿ −10 ಡಿಗ್ರಿಯ ಫ್ರೀಜರಿನಲ್ಲಿಡಿ. ಮೊದಲು ಎರಡು ಹನಿ ನೀರು ಬಿಟ್ಟು, ಬುಡ ಹೆಪ್ಪುಗಟ್ಟಿದ ಮೇಲೆ ಉಳಿದದ್ದನ್ನು ತುಂಬಿ. ಒಮ್ಮೆಗೇ ತುಂಬಿದರೆ ಅಡಿಯಿಂದ ಸೋರಿ, ಗಡ್ಡೆ ಎಷ್ಟು ಜಾಗದಲ್ಲಿ ಅಂಟಿದೆ ಎಂಬುದೇ ತಿಳಿಯುವುದಿಲ್ಲ. ಪೂರ್ತಿ ಗಟ್ಟಿಯಾದ ಮೇಲೆ ಬುಡಕ್ಕೆ ದಾರ ಸುತ್ತಿ ಸ್ಪ್ರಿಂಗ್ ತಕ್ಕಡಿಯಿಂದ ಅಡ್ಡಕ್ಕೆ ಎಳೆಯಿರಿ. ದಾರ ಮೇಲ್ಮೈಯಿಂದ ಎರಡು-ಮೂರು ಮಿ.ಮೀ. ಎತ್ತರದಲ್ಲೇ ಇರಬೇಕು. ಮೇಲಕ್ಕೆ ಕಟ್ಟಿದರೆ ಗಡ್ಡೆ ಜಾರುವ ಬದಲು ಮಗುಚಿ ಬೀಳುತ್ತದೆ, ಲೆಕ್ಕ ಸುಳ್ಳಾಗಿ ಕಡಿಮೆ ಬರುತ್ತದೆ. ಗಡ್ಡೆ ಕಳಚುವ ಹೊತ್ತಿಗೆ ತಕ್ಕಡಿ 1 ಕಿಲೋ ತೋರಿಸಿದರೆ ಸುಮಾರು 98 ಕಿಲೋಪಾಸ್ಕಲ್ (ಇಷ್ಟು ಜಾಗಕ್ಕೆ ಇಷ್ಟು ಬಲ ಎಂಬ ಅಳತೆ). 100ರ ಒಳಗಿದ್ದರೆ ಲೇಪ ಪಾಸು. 20ರ ಕೆಳಗಿಳಿದರೆ ಗಡ್ಡೆ ಗಾಳಿಗೋ ಅದುರಾಟಕ್ಕೋ ತಾನೇ ಕಳಚುತ್ತದೆ. ಬರೀ ಅಲ್ಯೂಮಿನಿಯಂ ಮೇಲಾದರೆ ನೂರಾರು.

ಕಣ್ಣಿಗೆ ಹಬ್ಬ ಎಂದರೆ ಸ್ಪ್ರೇ. ತಳದ ಕೋಟು ಒಣಗಿದ ಮೇಲೆ ಮೇಲಿನ ಕೋಟು ಹೊಡೆದರೆ ಹನಿ 150 ಡಿಗ್ರಿಗೂ ಮೀರಿದ ಕೋನದಲ್ಲಿ (ಹನಿಯ ಅಂಚು ಮೇಲ್ಮೈಯನ್ನು ಮುಟ್ಟುವ ಕಡೆ ನೀರಿನ ಒಳಗಿನಿಂದ ಅಳೆದ ಕೋನ; ಹೆಚ್ಚಿದಷ್ಟೂ ಹನಿ ದುಂಡಗೆ) ಮುತ್ತಿನಂತೆ ಕೂರುತ್ತದೆ, ತಗಡನ್ನು 10 ಡಿಗ್ರಿ ಓರೆ ಮಾಡುವಷ್ಟರಲ್ಲಿ ಉರುಳಿ ಹೋಗುತ್ತದೆ. ಕೆಸುವಿನೆಲೆಯ ಗುಟ್ಟೂ ಇದೇ: ಸೂಕ್ಷ್ಮ ಉಬ್ಬುಗಳ ನಡುವೆ ಸಿಕ್ಕಿಬಿದ್ದ ಗಾಳಿ ನೀರನ್ನು ಮೇಲೆಯೇ ಹೊತ್ತಿರುತ್ತದೆ. ಮೇಲಿಂದ ಬಿದ್ದ ಹನಿ ಹೆಪ್ಪುಗಟ್ಟುವ ಮೊದಲೇ ಪುಟಿದು ಹೋಗುವುದರಿಂದ ಮಳೆಯ ಮಟ್ಟಿಗೆ ಇದಕ್ಕೆ ಸಾಟಿಯಿಲ್ಲ.

ತೇವದ ಗಾಳಿ ಬಂದಾಗ ಆಟ ಕೆಡುತ್ತದೆ. ತಣ್ಣಗಿನ ತಗಡನ್ನು ಐದು ನಿಮಿಷ ಹೊರಗಿಟ್ಟು ಮತ್ತೆ ಫ್ರೀಜರಿಗೆ ಸೇರಿಸಿ ನೋಡಿ. ಆವಿ ನೇರವಾಗಿ ಉಬ್ಬುಗಳ ಸಂದಿಯೊಳಗೇ ಇಳಿದು ಗಟ್ಟಿಯಾಗುತ್ತದೆ. ಆಗ ಗಡ್ಡೆಗೆ ಸಾವಿರಾರು ಬೇರು ಬಿಟ್ಟಂತೆ. ಒಮ್ಮೊಮ್ಮೆ ಬರೀ ತಗಡಿಗಿಂತಲೂ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ಎಳೆದಾಗ ಉಬ್ಬುಗಳ ತುದಿಗಳನ್ನೂ ಮುರಿದುಕೊಂಡೇ ಬರುತ್ತದೆ. ಓರೆ ಮಾಡಿದರೂ ಹನಿ ಅಲ್ಲೇ ನಿಂತಿತೆಂದರೆ ಲೇಪ ಸವೆದಿರಬಹುದು, ಇಲ್ಲವೇ ಸಂದಿಗಳಲ್ಲಿ ತೇವ ಸೇರಿರಬಹುದು. ಬೆರಳಿಂದ ಉಜ್ಜಿದರೂ ಹೋಗುತ್ತದೆ, ಸಾಲದ್ದಕ್ಕೆ ಹಾಲುಬಿಳುಪು ಬೇರೆ. ಗಾಜಿಗಂತೂ ಬೇಡ.

ಸಿಲಿಕೋನ್ ಮೇಲೆ ಹನಿಯ ಕೋನ 110ರ ಆಸುಪಾಸು, ನೋಡಲು ಸಪ್ಪೆ. ಆದರೆ ಗಡ್ಡೆ ಬಿಡಿಸುವುದರಲ್ಲಿ ನಮ್ಮ ಓಟು ಇದಕ್ಕೇ. ಗಡ್ಡೆ ಬಾಗುವುದಿಲ್ಲ, ರಬ್ಬರು ಬಾಗುತ್ತದೆ; ಎಳೆದಾಗ ಅವೆರಡರ ನಡುವೆಯೇ ಬಿರುಕು ಹುಟ್ಟಿ ಹರಡುತ್ತದೆ. ಪ್ಲಾಟಿನಂನಿಂದ ಗಟ್ಟಿಯಾಗುವ ಎರಡು ಭಾಗದ ಸಿಲಿಕೋನನ್ನು ತೂಕದಲ್ಲಿ 10ಕ್ಕೆ 1ರಂತೆ ಕಲಸಿ, ಒಟ್ಟು ತೂಕದ ಶೇ. 10ರಷ್ಟು ತೆಳು ಸಿಲಿಕೋನ್ ಎಣ್ಣೆ ಸೇರಿಸಿ. ಗುಳ್ಳೆ ಏಳಲು ಅರ್ಧ ಗಂಟೆ ಬಿಟ್ಟು, ತಗಡಿನ ಮೇಲೆ ಅರ್ಧ ಮಿ.ಮೀ. ದಪ್ಪಕ್ಕೆ ಹರಡಿ. ಜಿಪುಣತನದಿಂದ ತೀರಾ ತೆಳುವಾಗಿ ಹಚ್ಚಿದರೆ ಕೆಳಗಿನ ಲೋಹ ರಬ್ಬರನ್ನು ಬಾಗಗೊಡದು, ಬಿಡಿಸಲು ಬೇಕಾದ ಬಲ ಏರುತ್ತದೆ. ಕೋಣೆಯ ಬಿಸಿಯಲ್ಲಿ ಎರಡು ದಿನಕ್ಕೆ ಗಟ್ಟಿಯಾಗುತ್ತದೆ. ಲೇಟೆಕ್ಸ್ ಕೈಗವಸು ಹಾಕಿ ಮುಟ್ಟಿದರೆ ಅದರ ಗಂಧಕ ಪ್ಲಾಟಿನಂ ಅನ್ನು ಕೊಂದು, ಮುಟ್ಟಿದ ಜಾಗ ಅಂಟಂಟಾಗಿಯೇ ಉಳಿಯುತ್ತದೆ; ಗಂಧಕವಿಲ್ಲದ ನೈಟ್ರೈಲ್ ಗವಸು ಹಾಕಿ. ತಗಡನ್ನು 240ರ ಮರಳು ಕಾಗದದಿಂದ ಉಜ್ಜಿ ಪ್ರೈಮರ್ (ಹಿಡಿತ ಕೊಡುವ ತಳದ ಲೇಪ) ಹಚ್ಚದಿದ್ದರೆ ಲೇಪವೇ ಸಿಪ್ಪೆಯಂತೆ ಏಳುತ್ತದೆ.

ಇದಕ್ಕೂ ಕೊರತೆಗಳಿವೆ. ಧೂಳು ಹಿಡಿಯುತ್ತದೆ. ಗಡ್ಡೆ ಕಳಚಿದಾಗೆಲ್ಲ ಒಂದಿಷ್ಟು ಎಣ್ಣೆ ಜೊತೆಗೆ ಹೋಗುತ್ತದೆ. ಮುಂದೆ ಬಣ್ಣ ಬಳಿಯಬೇಕಾದ ಜಾಗಕ್ಕೆ ಹಚ್ಚಲೇಬೇಡಿ, ಬಣ್ಣ ಹಿಡಿಯದು. ಶಾಖ ದಾಟಬೇಕಾದ ಶೈತ್ಯಯಂತ್ರದ ರೆಕ್ಕೆಗಳಿಗೂ ಈ ದಪ್ಪ ಲೇಪ ಹೊದಿಕೆಯಾಗಿಬಿಡುತ್ತದೆ.

ವ್ಯಾಕ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬರೀ ತಗಡಿಗಿಂತ ಸುಲಭವಾಗಿ ಬಿಡುತ್ತದೆ, ತಾನಾಗಿ ಕಳಚುವಷ್ಟಲ್ಲ. ಹಚ್ಚುವುದು ಸಲೀಸು, ಹೋದರೆ ಮತ್ತೆ ಹಚ್ಚಬಹುದು.

ಯಾವುದನ್ನೇ ಪರೀಕ್ಷಿಸಿ, ಮೊದಲ ಎಳೆತದ ಅಂಕಿಯನ್ನು ನಂಬಬೇಡಿ. ಅದೇ ಜಾಗದಲ್ಲಿ ಹತ್ತು ಸಲ ಗಡ್ಡೆ ಕಟ್ಟಿಸಿ, ಕಿತ್ತು, ಹತ್ತನೆಯದನ್ನು ಬರೆದುಕೊಳ್ಳಿ.