ನಮ್ಮೂರ ಅರಿವು ಕೇಂದ್ರ: ಒಂದು ತಿಂಗಳು ಹೋಗಿ ಕೂತು ಬರೆದ ವಿಮರ್ಶೆ

ನನ್ನ ಚಿಕ್ಕಪ್ಪನ ಮಗಳು ಈಗ ಸೆಕೆಂಡ್ ಪಿಯುಸಿ. ಹೋದ ವರ್ಷ ಅವಳ ಸ್ಕಾಲರ್‌ಶಿಪ್ ಅರ್ಜಿಯನ್ನು ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಸೈಬರ್ ಅಂಗಡಿಯಲ್ಲಿ ಹಾಕಿಸಿದ್ದರು. ನೂರು ರೂಪಾಯಿ, ಹತ್ತು ನಿಮಿಷ, ಕೆಲಸ ಮುಗಿಯಿತು. ಇಮೇಲ್ ಐಡಿ ಅಂಗಡಿಯವರೇ ಮಾಡಿದರು. ಪಾಸ್‌ವರ್ಡ್ ಕೂಡ ಅವರೇ ಇಟ್ಟರು. ಈ ವರ್ಷ ಮತ್ತೆ ಲಾಗಿನ್ ಆಗೋಣ ಅಂತ ಹೋದರೆ ಅಂಗಡಿಯೇ ಇಲ್ಲ. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ, ಕೊಟ್ಟಿದ್ದ ಮೊಬೈಲ್ ನಂಬರ್ ಕೂಡ ಅವಳದ್ದಲ್ಲ. ಅದನ್ನು ಸರಿಮಾಡಿಸಿಕೊಳ್ಳಲು ಕಾಲೇಜಿಗೆ ಮೂರು ಸಲ ಓಡಾಡಬೇಕಾಯಿತು.

ಆಗ ನಾನು ಮನೆ ಕೆಲಸದ ಮೇಲೆ ಒಂದು ತಿಂಗಳು ಊರಲ್ಲೇ ಇದ್ದೆ. ತುಮಕೂರು ಜಿಲ್ಲೆಯ ಒಣ ಭೂಮಿಯ ಕಡೆಯ ಊರು ನಮ್ಮದು. ಪಂಚಾಯಿತಿ ಆಫೀಸಿನ ಪಕ್ಕ ಅರಿವು ಕೇಂದ್ರ ಅಂತ ಬೋರ್ಡ್ ಇದೆ, ನಾವೆಲ್ಲ ಇನ್ನೂ ಲೈಬ್ರರಿ ಅಂತಲೇ ಕರೆಯುವುದು. ಅಲ್ಲಿ ಕಂಪ್ಯೂಟರ್ ಕಲಿಸ್ತಾರಂತೆ ಅಂತ ಯಾರೋ ಹೇಳಿದರು. ತಂಗಿಯನ್ನು ಕರೆದುಕೊಂಡು ಹೋದೆ. ಹೋದ ಮೇಲೆ ನಾನೂ ದಿನಾ ಹೋಗಿ ಕೂರುವ ಹಾಗಾಯಿತು, ಅದಕ್ಕೇ ಈ ವಿಮರ್ಶೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ 'ಓದುವ ಬೆಳಕು' ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಆಮೇಲೆ ಕಂಪ್ಯೂಟರ್, ಟಿವಿ, ಇಂಟರ್ನೆಟ್ ಎಲ್ಲ ಒಂದೊಂದಾಗಿ ಸೇರಿಕೊಂಡು ಹೆಸರೂ ಬದಲಾಯಿತು. ಎಲ್ಲ ಊರಲ್ಲೂ ಒಂದೇ ಥರ ಇರುತ್ತದೆ ಅಂತ ಹೇಳಲಾರೆ. ನಾನು ಬರೆಯುತ್ತಿರುವುದು ನಾನು ಕಂಡ ಒಂದು ಕೇಂದ್ರದ ಬಗ್ಗೆ ಮಾತ್ರ.

ನಮ್ಮ ಕೇಂದ್ರದಲ್ಲಿ ಇರುವುದು ಎರಡು ಕಂಪ್ಯೂಟರ್, ಒಂದು ಟಿವಿ, ಒಂದು ಪ್ರಿಂಟರ್, ಗೋಡೆ ತುಂಬ ಪುಸ್ತಕ. ಅಷ್ಟೇ. ಆದರೆ ಅಲ್ಲಿನ ಮೇಲ್ವಿಚಾರಕಿ ಇದ್ದಾರಲ್ಲ, ಮಕ್ಕಳೆಲ್ಲ ಅವರನ್ನು ಲೈಬ್ರರಿ ಅಕ್ಕ ಅಂತಾರೆ, ಅವರು ಕಲಿಸುವ ರೀತಿ ನೋಡಿ ನನಗೆ ತುಂಬಾ ಖುಷಿಯಾಯಿತು. ಅವರು ಮೌಸ್ ಮುಟ್ಟುವುದೇ ಇಲ್ಲ. "ಮೌಸ್ ನಿನ್ನ ಕೈಲಿರಲಿ, ನಾನು ಬಾಯಲ್ಲಿ ಹೇಳ್ತೀನಿ" ಅಂತಾರೆ. ಹುಡುಗಿ ತಪ್ಪು ಕಡೆ ಕ್ಲಿಕ್ ಮಾಡಿದರೂ ಕಾಯುತ್ತಾರೆ. ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ಹಿಡಿಯುತ್ತದೆ. ಹಿಡಿಯಲಿ ಬಿಡಿ.

ತಂಗಿಗೆ ಮೊದಲ ದಿನ ಮಾಡಿಸಿದ್ದು ಹೊಸ ಇಮೇಲ್. ಅವಳದೇ ನಂಬರ್, ಅವಳದೇ ಪಾಸ್‌ವರ್ಡ್. ಪಾಸ್‌ವರ್ಡ್ ಟೈಪ್ ಮಾಡುವಾಗ ಲೈಬ್ರರಿ ಅಕ್ಕ ಎದ್ದು ಕಿಟಕಿ ಕಡೆ ಹೋಗಿ ನಿಂತರು. ನನಗೂ ಅತ್ತ ತಿರುಗಿ ಅಂದರು. ಇಷ್ಟು ವರ್ಷ ನಮ್ಮ ಊರಲ್ಲಿ ಆಧಾರ್ ಝೆರಾಕ್ಸು, ಓಟಿಪಿ, ಬ್ಯಾಂಕ್ ಪಾಸ್‌ಬುಕ್ಕು ಎಲ್ಲವನ್ನೂ ಯಾರ ಕೈಗೆ ಬೇಕಾದರೂ ಕೊಟ್ಟು "ನೀವೇ ನೋಡಿ ಹಾಕಿ ಅಣ್ಣಾ" ಅಂತ ನಿಂತುಬಿಡುತ್ತಿದ್ದೆವು, ಅಲ್ವಾ? ಆ ಅಭ್ಯಾಸ ಬಿಡಿಸುವ ಜಾಗ ನಾನು ಕಂಡದ್ದು ಇದೊಂದೇ.

ಸ್ಕಾಲರ್‌ಶಿಪ್ ಅರ್ಜಿ ಆಮೇಲೆ ಎರಡು ದಿನ ಹಿಡಿಯಿತು. ಜಾತಿ ಮತ್ತು ಆದಾಯ ಪ್ರಮಾಣಪತ್ರದಲ್ಲಿ ಆರ್‌ಡಿ ನಂಬರ್ (ಆ ಪ್ರಮಾಣಪತ್ರದ ಗುರುತು ಸಂಖ್ಯೆ) ಎಲ್ಲಿರುತ್ತದೆ, ಅದು ಯಾಕೆ ಬೇಕು, ದುಡ್ಡು ಬರಬೇಕಾದರೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೋ ಇಲ್ಲವೋ ನೋಡುವುದು ಹೇಗೆ, ಕೊನೆಯಲ್ಲಿ ಬರುವ ಸ್ವೀಕೃತಿಯನ್ನು ಪಿಡಿಎಫ್ ಮಾಡಿ ತನ್ನ ಇಮೇಲಿಗೆ ತಾನೇ ಕಳಿಸಿಕೊಳ್ಳುವುದು ಹೇಗೆ, ಇದನ್ನೆಲ್ಲ ತಂಗಿ ನೋಟ್ ಬುಕ್ಕಲ್ಲಿ ಬರೆದುಕೊಂಡಳು. ಮುಂದಿನ ವಾರ ಪಕ್ಕದ ಬೀದಿಯ ಇಬ್ಬರು ಹುಡುಗಿಯರಿಗೆ ಅವಳೇ ಕೂತು ಹೇಳಿಕೊಟ್ಟಳು. ಮೌಸ್ ಮುಟ್ಟದೆ.

ನನಗೆ ತುಂಬಾ ಇಷ್ಟವಾಗಿದ್ದು ಕನ್ನಡ ಟೈಪಿಂಗ್. ಕನ್ನಡ ಬರೆಯುವ 'ನುಡಿ' ಸಾಫ್ಟ್‌ವೇರ್ ಹಾಕಿದ್ದಾರೆ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯೇ ಅದರ ಬುನಾದಿ. ಮೊದಲ ಪಾಠ 'ಅಕ್ಕ'. ಎ ಒತ್ತಿ, ಕೆ ಒತ್ತಿ, ಎಫ್ ಒತ್ತಿ, ಮತ್ತೆ ಕೆ. ಎಫ್ ಒತ್ತಿದ ಕೂಡಲೇ ಕ ಅರ್ಧವಾಗುತ್ತದೆ, ಮುಂದಿನ ಕ ಬಂದು ಒತ್ತಾಗಿ ಕೂರುತ್ತದೆ. ಇದನ್ನು ಮೊದಲ ಸಲ ನೋಡಿದ ಮಕ್ಕಳ ಮುಖ ನೀವು ನೋಡಬೇಕಿತ್ತು. ಆಮೇಲೆ ಅಮ್ಮ, ಅಣ್ಣ, ಅಜ್ಜ, ಬೆಲ್ಲ, ಹಟ್ಟಿ. ಫೋನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದುಕೊಂಡಿದ್ದ ಮಕ್ಕಳು ಇವರು. ಒಂದು ವಾರದಲ್ಲಿ ಪೂರ್ತಿ ವಾಕ್ಯ ಬರೆಯತೊಡಗಿದರು.

ಹಟ್ಟಿ ಕಡೆಯಿಂದ ಬರುವ ಒಬ್ಬ ಹುಡುಗ ಇದ್ದಾನೆ. ಮನೆಯಲ್ಲಿ ಕುರಿ ಇವೆ. ಹತ್ತನೇ ಕ್ಲಾಸ್ ಆದ ಮೇಲೆ ಓದು ಬಿಟ್ಟಿದ್ದ. ಅವನು ಒಂಬತ್ತನೇ ದಿನ ತಾನೇ ಟೈಪ್ ಮಾಡಿದ್ದು ಪಂಚಾಯಿತಿಗೆ ಒಂದು ಅರ್ಜಿ, ಹಟ್ಟಿ ದಾರಿಗೆ ಬೀದಿ ದೀಪ ಬೇಕು ಅಂತ. ಎಂಟು ಸಾಲು, ಮೂರು ತಪ್ಪು. ತಿದ್ದಿ, ಪ್ರಿಂಟ್ ತೆಗೆದು, ಪಕ್ಕದ ಆಫೀಸಿಗೆ ಹೋಗಿ ಕೊಟ್ಟು, ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಂಡು ಬಂದ. ದೀಪ ಇನ್ನೂ ಬಂದಿಲ್ಲ. ಆದರೆ ಆ ಸೀಲ್ ಇರುವ ಕಾಗದವನ್ನು ಅವನು ಪ್ಲಾಸ್ಟಿಕ್ ಕವರಲ್ಲಿ ಇಟ್ಟುಕೊಂಡಿದ್ದಾನೆ.

ಲೆಕ್ಕದ ಪಾಠವೂ ಚೆನ್ನಾಗಿದೆ. ಪುಸ್ತಕದ ಉದಾಹರಣೆ ಇಲ್ಲ, ಮನೆಯಿಂದ ಹಾಲಿನ ಡೈರಿ ಚೀಟಿ ತರಲು ಹೇಳುತ್ತಾರೆ. ಹತ್ತು ದಿನದ ಲೀಟರ್ ಒಂದು ಕಾಲಂ, ದರ ಒಂದು ಕಾಲಂ, ಗುಣಿಸಿ ಕೂಡುವುದು. ಒಬ್ಬಳು ಬೂಸಾ ಖರ್ಚನ್ನೂ ಸೇರಿಸಿ ಕೊನೆಗೆ ಉಳಿಯುವುದೆಷ್ಟು ಅಂತ ನೋಡಿದಳು. ಅದನ್ನು ಮನೆಗೆ ಹೋಗಿ ಅಪ್ಪನಿಗೆ ತೋರಿಸಿದಳಂತೆ.

ಮೋಸದ ಕರೆಗಳ ಬಗ್ಗೆಯೂ ಒಂದು ದಿನ ಹೇಳಿದರು. ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು ಅಂತ ಗೋಡೆ ಮೇಲೆ ದೊಡ್ಡದಾಗಿ ಬರೆದಿದ್ದಾರೆ.

ಈಗ ಕೊರತೆಗಳು. ಮೊದಲನೆಯದು ಸಮಯ. ಸಂಜೆ ಐದೂವರೆಗೆ ಬಾಗಿಲು ಹಾಕುತ್ತಾರೆ. ಡಿಗ್ರಿ ಕಾಲೇಜಿನ ಮಕ್ಕಳು ಬರುವ ಬಸ್ಸು ಊರಿಗೆ ಮುಟ್ಟುವುದೇ ಆರಕ್ಕೆ. ಕೂಲಿಗೆ, ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರು ಬರುವುದು ಇನ್ನೂ ಲೇಟು. ಯಾರಿಗೆ ಈ ಕೇಂದ್ರ ಜಾಸ್ತಿ ಬೇಕೋ ಅವರು ಬರುವ ಹೊತ್ತಿಗೆ ಅದು ಮುಚ್ಚಿರುತ್ತದೆ. ಇದು ಲೈಬ್ರರಿ ಅಕ್ಕನ ತಪ್ಪಲ್ಲ, ಒಬ್ಬರೇ ಎಷ್ಟು ಹೊತ್ತು ಕೂರುತ್ತಾರೆ? ಸಂಜೆಗೆ ಇನ್ನೊಬ್ಬರನ್ನು ಕೊಡಬೇಕು. ವಾರಕ್ಕೆ ಮೂರು ಸಂಜೆಯಾದರೂ ಸಾಕು.

ಎರಡನೆಯದು ಕರೆಂಟು. ಯುಪಿಎಸ್ ಇದೆ, ಬ್ಯಾಟರಿ ಸತ್ತಿದೆ. ಅರ್ಜಿ ಅರ್ಧ ತುಂಬಿರುವಾಗ ಕರೆಂಟ್ ಹೋಗಿ ನನ್ನ ಕಣ್ಣೆದುರೇ ಇಬ್ಬರು ಮೊದಲಿಂದ ಶುರು ಮಾಡಿದರು. ಪ್ರಿಂಟರ್ ಇಂಕು ಮುಗಿದರೆ ವಾರಗಟ್ಟಲೆ ಬರುವುದಿಲ್ಲ.

ಗಂಡುಹುಡುಗರು ಗೇಮಿಗೆ ಕೂತರೆ ಏಳುತ್ತಿರಲಿಲ್ಲವಂತೆ. ಅದಕ್ಕೆ ಒಂದು ರಿಜಿಸ್ಟರ್ ಇಟ್ಟು ಅರ್ಧ ಗಂಟೆಗೊಬ್ಬರು ಅಂತ ಮಾಡಿದ್ದಾರೆ, ಮೂರೂವರೆಯಿಂದ ಐದರವರೆಗೆ ಹುಡುಗಿಯರಿಗೆ ಮೊದಲ ಸರದಿ. ಇದು ಬಂದ ಮೇಲೆ ಹುಡುಗಿಯರನ್ನು ಕಳಿಸಲು ಮನೆಯವರೂ ಒಪ್ಪುತ್ತಿದ್ದಾರೆ. ಒಳ್ಳೆಯ ಬದಲಾವಣೆ.

ಇಪ್ಪತ್ತು ಗಂಟೆಯ ಕೋರ್ಸ್‌ಗಳೂ ಬಂದು ಹೋಗಿವೆ, ಅಲ್ವಾ. ಹಳ್ಳಿಯವರಿಗೆ ಕಂಪ್ಯೂಟರ್, ಇಂಟರ್ನೆಟ್ ಬಳಕೆ ಕಲಿಸುವ ಕೇಂದ್ರ ಸರ್ಕಾರದ ಪಿಎಂಜಿದಿಶಾ ಯೋಜನೆ 2017ರಲ್ಲಿ ಶುರುವಾಗಿ 2024ರಲ್ಲಿ ಮುಗಿಯಿತು, 6 ಕೋಟಿ ಹಳ್ಳಿ ಮನೆಗಳಿಗೆ ಮನೆಗೊಬ್ಬರಂತೆ ಕಲಿಸುವ ಗುರಿ ಇತ್ತು. ಅಷ್ಟು ಜನರನ್ನು ಮುಟ್ಟಲು ಹೊರಟಿದ್ದು ದೊಡ್ಡ ಕೆಲಸವೇ. ಆದರೆ ಕೋರ್ಸ್ ಮುಗಿದ ಮಾರನೇ ದಿನ ಕೂತು ಅಭ್ಯಾಸ ಮಾಡಲು ಊರಲ್ಲಿ ಒಂದು ಕಂಪ್ಯೂಟರ್ ಬೇಕಲ್ಲ. ನಮ್ಮ ತಂಗಿ ಮರೆತರೆ ನಾಳೆ ಮತ್ತೆ ಹೋಗಿ ಕೇಳಬಹುದು. ಬೆಂಗಳೂರಿನ ಗುರಪ್ಪನಪಾಳ್ಯದ ಸುದರ್ಶನ ಲೇಔಟ್‌ನಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಅನ್ನುವ ಸಂಘಟನೆಯ ಗೆಳೆಯರು ಕಟ್ಟಿದ ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್ ಬಗ್ಗೆ ಕೆಲವರಿಗೆ ಗೊತ್ತಿರಬಹುದು. ಅಲ್ಲೂ ಕೊಳೆಗೇರಿಯ ಮಕ್ಕಳಿಗೆ ಲಿನಕ್ಸ್ (ವಿಂಡೋಸ್ ಬದಲು ಬಳಸುವ ಮುಕ್ತ ಸಾಫ್ಟ್‌ವೇರ್) ಹಾಕಿದ ಕಂಪ್ಯೂಟರುಗಳಲ್ಲಿ, ಅವರ ಮನೆ ಹತ್ತಿರವೇ, ಸಾಫ್ಟ್‌ವೇರ್ ಕೆಲಸದವರು ಬಿಡುವಿನಲ್ಲಿ ಬಂದು ಕಲಿಸುತ್ತಿದ್ದರು. ಊರಿಂದ ಹೋಗಿ ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನಮ್ಮವರು ಹಬ್ಬಕ್ಕೆ ಬಂದಾಗ ಎರಡು ದಿನ ಹೀಗೆ ಕೂತರೆ ಎಷ್ಟೋ ಆಗುತ್ತದೆ. ಸುಮ್ನೆ ಹೇಳುತ್ತಿಲ್ಲ, ನಾನೇ ಕೂತು ನೋಡಿದ್ದೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಅಂಕ ಕಡಿಮೆಯಾಗಿದ್ದು ಸಂಜೆ ಬಾಗಿಲು ಹಾಕುವುದಕ್ಕೆ.

ಹೋಗುವವರಿಗೆ: ಮಧ್ಯಾಹ್ನ ಹೋದರೆ ಜನ ಕಡಿಮೆ. ಆಧಾರ್‌ಗೆ ಜೋಡಿಸಿರುವ ಫೋನ್ ಜೊತೆಯಲ್ಲೇ ಇರಲಿ, ಅಪ್ಪನ ಫೋನಾದರೆ ಅಪ್ಪನನ್ನೂ ಕರೆದುಕೊಂಡು ಹೋಗಿ. ಒಂದು ನೋಟ್ ಬುಕ್ ಇಟ್ಟುಕೊಳ್ಳಿ. ಸಂಜೆ ಸಮಯ ಕೇಳಿ ನಾವು ಹದಿನಾಲ್ಕು ಜನ ಸಹಿ ಹಾಕಿದ ಅರ್ಜಿ ಗ್ರಾಮಸಭೆಗೆ ಕೊಟ್ಟಿದ್ದೇವೆ, ಟೈಪ್ ಮಾಡಿದ್ದು ತಂಗಿ. ನಮ್ಮೂರಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಮುಂದಿನ ಸಭೆಗೆ ಬಂದು ನೀವೂ ಕೇಳಿ.